ಥ್ರೆಡ್ಡನ್ನೂ ಸ್ವಿಂಗನ್ನೂ ಒಂದೇ ಪ್ರಯೋಗದಲ್ಲಿ ಕಲಿಸಿ

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಬಿಸಿಎ, ಡಿಪ್ಲೊಮಾ, ಬಿಇ ವಿದ್ಯಾರ್ಥಿಗಳು ಜಾವಾದಲ್ಲಿ ಮಾಡುವ ಪ್ರಾಜೆಕ್ಟುಗಳು ಕಾಲೇಜಿನ ಕಾಂಪೌಂಡಿನೊಳಗೇ ಉಳಿಯುವುದಿಲ್ಲ. ಓದು ಮುಗಿದ ಮೇಲೆ ಅದೇ ಹುಡುಗರು ಅದೇ ಕೋಡನ್ನು ಅಷ್ಟಿಷ್ಟು ತಿದ್ದಿ ದಲಾಲಿ ಅಂಗಡಿಗೆ ಬಿಲ್ಲಿಂಗ್, ವಾಚನಾಲಯಕ್ಕೆ ಪುಸ್ತಕದ ಲೆಕ್ಕ, ಲಾರಿ ತೂಗುವ ಕಾಟಾಕ್ಕೆ ತೂಕದ ಚೀಟಿ ಎಂದು ಬರೆದುಕೊಡುತ್ತಾರೆ. ಇಂಥ ಪ್ರೋಗ್ರಾಂಗಳ ಬಗ್ಗೆ ಕೇಳಿಬರುವ ದೂರು ಬಹುತೇಕ ಒಂದೇ ಬಗೆಯದು. ಗುಂಡಿ ಒತ್ತಿದೊಡನೆ ವಿಂಡೋ ಬೆಳ್ಳಗಾಗಿ ನಿಂತುಬಿಡುತ್ತದೆ, ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಮಾಲೀಕರು ಮೊದಲು ರ‍್ಯಾಮ್ ಹೆಚ್ಚಿಸುತ್ತಾರೆ, ಆಮೇಲೆ ಕಂಪ್ಯೂಟರನ್ನೇ ಬದಲಿಸುತ್ತಾರೆ. ದೋಷ ಮಾತ್ರ ಹೊಸ ಕಂಪ್ಯೂಟರಿಗೂ ಬರುತ್ತದೆ, ಯಾಕೆಂದರೆ ಅದಿರುವುದು ಕೋಡಿನಲ್ಲಿ.

ಅದರ ಬೇರು ನಾವು ಕಲಿಸುವ ರೀತಿಯಲ್ಲಿದೆ. ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಬೇರೆ ಕೆಲಸಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ) ಒಂದು ಘಟಕ, ಸ್ವಿಂಗ್ (ಜಾವಾದಲ್ಲಿ ವಿಂಡೋ, ಗುಂಡಿಗಳನ್ನು ಮಾಡುವ ಸಲಕರಣೆ) ಮತ್ತೊಂದು ಘಟಕ, ಹೆಚ್ಚಾಗಿ ಬೇರೆ ಸೆಮಿಸ್ಟರ್ ಕೂಡ. ಥ್ರೆಡ್ ಪಾಠದಲ್ಲಿ ಎರಡು ಥ್ರೆಡ್‌ಗಳು ಕನ್ಸೋಲಿನ ಮೇಲೆ ಸಂಖ್ಯೆ ಮುದ್ರಿಸುತ್ತವೆ. ಸ್ವಿಂಗ್ ಪಾಠದಲ್ಲಿ ಗುಂಡಿ ಒತ್ತಿದರೆ ಎರಡು ಅಂಕಿ ಕೂಡಿ ಉತ್ತರ ಬರುತ್ತದೆ. ಇವೆರಡೂ ಒಂದೇ ಪ್ರೋಗ್ರಾಂನಲ್ಲಿ ಸೇರಿದಾಗ ಏನಾಗುತ್ತದೆ ಎಂಬ ಪ್ರಶ್ನೆ ವೈವಾದಲ್ಲೂ ಏಳುವುದಿಲ್ಲ. ವಿಷಯ ಕಷ್ಟದ್ದೆಂದು ಬಿಟ್ಟಿದ್ದಾರೆ ಎನ್ನುವಂತಿಲ್ಲ. ಒಂದು ಮಧ್ಯಾಹ್ನದ ಲ್ಯಾಬಿನಲ್ಲಿ ಮುಗಿಯುವಂಥದ್ದು. ಏನೇನು ಕಲಿಸಬೇಕು ಎಂಬುದನ್ನು ಬಿಡಿಸಿ ಹೇಳಲೆಂದೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಸ್ವಿಂಗ್ ವಿಂಡೋದಲ್ಲಿ ಮೌಸ್ ಒತ್ತುವುದು, ಕೀ ಒತ್ತುವುದು, ಪರದೆಯನ್ನು ಮತ್ತೆ ಬಿಡಿಸುವುದು ಎಲ್ಲವೂ ಒಂದೇ ಪಾಳಿಯಲ್ಲಿ ನಿಲ್ಲುತ್ತವೆ. ಆ ಪಾಳಿಯನ್ನು ಒಂದೊಂದಾಗಿ ಮುಗಿಸುವುದು ಒಂದೇ ಥ್ರೆಡ್. ಅದರ ಹೆಸರು ಈವೆಂಟ್ ಡಿಸ್ಪ್ಯಾಚ್ ಥ್ರೆಡ್, ಬಲ್ಲವರ ಬಾಯಲ್ಲಿ ಇಡಿಟಿ. ಗುಂಡಿಯ ‘ಆಕ್ಷನ್‌ಪರ್ಫಾರ್ಮ್ಡ್’ ಎಂಬ, ಒತ್ತಿದಾಗ ಓಡುವ ಮೆಥಡ್ಡಿನ ಒಳಗೆ ಬರೆದ ಪ್ರತಿ ಸಾಲೂ ಓಡುವುದು ಇದರ ಮೇಲೆ. ಅಲ್ಲಿ 8 ಸೆಕೆಂಡ್ ಹಿಡಿಯುವ ಡೇಟಾಬೇಸ್ ಕ್ವೆರಿ ಇಟ್ಟರೆ ಆ 8 ಸೆಕೆಂಡ್ ಪರದೆ ಬಿಡಿಸಲು ಯಾರೂ ಇಲ್ಲ. ಹಾಗಾಗಿ ತಡವಾಗುವ ಕೆಲಸವನ್ನು ಇಡಿಟಿ ಮೇಲೆ ಹಾಕಬಾರದು, ಮತ್ತು ಇಡಿಟಿ ಬಿಟ್ಟು ಬೇರಾವ ಥ್ರೆಡ್ಡೂ ಲೇಬಲ್, ಟೇಬಲ್, ಟೆಕ್ಸ್ಟ್ ಬಾಕ್ಸ್‌ಗಳನ್ನು ಮುಟ್ಟಬಾರದು. ಮೊದಲನೆಯದನ್ನು ಮುರಿದರೆ ಕೂಡಲೇ ಗೊತ್ತಾಗುತ್ತದೆ. ಎರಡನೆಯದನ್ನು ಮುರಿದವರಿಗೆ ಬಹಳ ದಿನ ಗೊತ್ತೇ ಆಗುವುದಿಲ್ಲ. ಗದ್ದಲದ ದಿನವೊಂದರಲ್ಲಿ ಟೇಬಲಿನ ಅರ್ಧ ಸಾಲು ಮಾಯವಾಗುತ್ತದೆ, ಇಲ್ಲವೆ ನಾವು ಬರೆಯದೇ ಇರುವ ಸ್ವಿಂಗ್ ಒಳಗಿನ ಯಾವುದೋ ಸಾಲಿನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ (ಓಡುವಾಗ ಎಸೆಯುವ ದೋಷದ ಸೂಚನೆ) ಬೀಳುತ್ತದೆ. ಮತ್ತೆ ಓಡಿಸಿದರೆ ಎಲ್ಲ ಸರಿ ಇರುತ್ತದೆ.

ಆಂಡ್ರಾಯ್ಡ್ ಇಲ್ಲಿ ಕಟ್ಟುನಿಟ್ಟು. ಮುಖ್ಯ ಥ್ರೆಡ್ ಮೇಲೆ ನೆಟ್‌ವರ್ಕ್ ಕರೆ ಮಾಡಿದರೆ ಎಕ್ಸೆಪ್ಶನ್ ಎಸೆಯುತ್ತದೆ. ಬೇರೆ ಥ್ರೆಡ್ ಪರದೆ ಮುಟ್ಟಿದರೂ ಎಸೆಯುತ್ತದೆ. ಜಾವಾಎಫ್‌ಎಕ್ಸ್ ಎಂಬ ಜಾವಾದ ಇನ್ನೊಂದು ಪರದೆ ಸಲಕರಣೆ ಕೂಡ ಬಹಳಷ್ಟು ಕಡೆ ಹಾಗೆಯೇ ತಡೆಯುತ್ತದೆ. ಸ್ವಿಂಗ್ ಮಾತ್ರ ಪರೀಕ್ಷಿಸುವುದೇ ಇಲ್ಲ. 1998ರ ಡಿಸೆಂಬರಿನಲ್ಲಿ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವ ಕಿಟ್) 1.2ರ ಜೊತೆ ಬಂದ ಈ ಹಳೆಯ ಸಾಮಾನು ಬಳಸುವವರ ಎಚ್ಚರವನ್ನು ನಂಬಿ ನಿಂತಿದೆ. ಎಲ್ಲ ಥ್ರೆಡ್‌ಗಳೂ ಮುಟ್ಟುವಂತೆ ಪರದೆಯ ಪ್ರತಿ ಘಟಕಕ್ಕೂ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಹಾಕಿಬಿಡಬಹುದಿತ್ತಲ್ಲ ಎಂದು ಚುರುಕು ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಅದಕ್ಕೆ ಒಳ್ಳೆಯ ಉತ್ತರವಿದೆ. ಮೌಸಿನ ಸುದ್ದಿ ಆಪರೇಟಿಂಗ್ ಸಿಸ್ಟಂನಿಂದ ಮೇಲಕ್ಕೆ ಬರುತ್ತದೆ, ನಮ್ಮ ಕೋಡಿನ ಆಜ್ಞೆ ಮೇಲಿನಿಂದ ಕೆಳಕ್ಕೆ ಹೋಗುತ್ತದೆ. ಎರಡೂ ದಾರಿಯಲ್ಲಿ ಅವೇ ಲಾಕ್‌ಗಳನ್ನು ತಿರುವುಮುರುವು ಕ್ರಮದಲ್ಲಿ ಹಿಡಿಯಬೇಕಾಗುತ್ತದೆ. ಡೆಡ್‌ಲಾಕ್ (ಎರಡು ಥ್ರೆಡ್ ಒಂದನ್ನೊಂದು ಕಾಯುತ್ತ ನಿಂತುಬಿಡುವುದು) ಆಗಲು ಅಷ್ಟು ಸಾಕು. ಜಾವಾ ರೂಪಿಸಿದ ಸನ್ ಕಂಪನಿಯ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಇದೇ ಕಾರಣ ಕೊಟ್ಟು, ಬಹುಥ್ರೆಡ್ ಪರದೆಯ ಕನಸು ಕೈಗೂಡದ್ದು ಎಂದು ವಾದಿಸಿದ್ದರು.

ನಿಯಮ ಹೇಳಿದರೆ ಸಾಲದು, ಕೆಲಸದಲ್ಲಿ ನೋಡಬೇಕು. ಬ್ಯಾಡಗಿಯ ಮೆಣಸಿನಕಾಯಿ ಇರಲಿ, ಅಮರಗೋಳದ ಎಪಿಎಂಸಿಗೆ ಬರುವ ಕಾಳುಕಡಿ ಇರಲಿ, ಹಂಗಾಮಿನಲ್ಲಿ ಗಾಡಿಗಳು ಪಾಳಿ ಹಚ್ಚುವುದು ಕಾಟಾದ ಮುಂದೆ. ಅದರ ಪ್ರೋಗ್ರಾಮೇ ನಮ್ಮ ಕಡೆಯ ವಿದ್ಯಾರ್ಥಿಗೆ ತಕ್ಕ ಉದಾಹರಣೆ. ಕಾಟಾದ ಇಂಡಿಕೇಟರ್ ಡಬ್ಬಿಯಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಒಂದೇ ಸಮನೆ ಬರುತ್ತಿರುತ್ತದೆ. 9600 ಬಾಡ್ (ಸೆಕೆಂಡಿಗೆ 9600 ಬಿಟ್), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದಿಟ್ಟುಕೊಂಡರೆ ಸ್ಟಾರ್ಟ್ ಬಿಟ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ಒಂದು ತೂಕದ ಸಾಲು 16 ಅಕ್ಷರದ್ದಾದರೆ ಸೆಕೆಂಡಿಗೆ 60 ಸಾಲಿನವರೆಗೂ ಬರಬಹುದು. ಇದನ್ನು ‘ತೂಕ ಓದು’ ಗುಂಡಿಯ ಒಳಗೆ ಓದಿದರೆ ಕೇಬಲ್ ಸಡಿಲವಾದ ದಿನ ಓದುವ ಸಾಲು ಕಾಯುತ್ತ ಕೂರುತ್ತದೆ, ಜೊತೆಗೆ ಇಡೀ ವಿಂಡೋ ಕೂಡ.

ಆದ್ದರಿಂದ ಓದಲಿಕ್ಕೇ ಒಂದು ಬೇರೆ ಥ್ರೆಡ್ ಇರಲಿ. ಜೆಸೀರಿಯಲ್‌ಕಾಮ್‌ನಂಥ ಲೈಬ್ರರಿಯ ಲಿಸನರ್ ಬಳಸಿದರೂ ಅದು ಕರೆಯುವುದು ತನ್ನದೇ ಥ್ರೆಡ್ ಮೇಲೆ, ಇಡಿಟಿ ಮೇಲಲ್ಲ. ಅಲ್ಲಿಂದ ನೇರವಾಗಿ ಲೇಬಲ್‌ಗೆ ‘ಸೆಟ್‌ಟೆಕ್ಸ್ಟ್’ ಮಾಡುವುದೇ ನಮ್ಮಲ್ಲಿ ಸಾಮಾನ್ಯ ತಪ್ಪು. ಪ್ರತಿ ಸಾಲಿಗೂ ‘ಇನ್ವೋಕ್‌ಲೇಟರ್’ ಕರೆದು ಲೇಬಲ್ ತಿದ್ದುವ ಕೆಲಸವನ್ನು ಇಡಿಟಿಯ ಪಾಳಿಗೆ ಹಾಕಬಹುದು, ನಿಯಮದ ಪ್ರಕಾರ ಸರಿಯೇ. ಆದರೆ ಇಡಿಟಿ ಒಂದು ದೊಡ್ಡ ಟೇಬಲ್ ಬಿಡಿಸುತ್ತಿದ್ದರೆ ಹಳಸಿದ ತೂಕಗಳು ಪಾಳಿಯಲ್ಲಿ ಸೇರುತ್ತ ಹೋಗುತ್ತವೆ. ಪರದೆಗೆ ಬೇಕಾದ್ದು ಇತ್ತೀಚಿನ ತೂಕ ಒಂದೇ. ಅದಕ್ಕೆ ಓದುವ ಥ್ರೆಡ್ ಹೊಸ ತೂಕವನ್ನು ಒಂದು ಕಡೆ ಇಟ್ಟು ಹೋಗಲಿ, ಸ್ವಿಂಗ್ ಟೈಮರ್ 100 ಮಿಲಿಸೆಕೆಂಡಿಗೊಮ್ಮೆ ಅದನ್ನು ನೋಡಿ ಲೇಬಲ್ ತಿದ್ದಲಿ. ಸ್ವಿಂಗ್ ಟೈಮರ್ ಇಡಿಟಿ ಮೇಲೆಯೇ ಓಡುವುದರಿಂದ ಚಿಂತೆಯಿಲ್ಲ. ‘ಜಾವಾ.ಯುಟಿಲ್’ ಒಳಗೆ ಅದೇ ಹೆಸರಿನ ಇನ್ನೊಂದು ಟೈಮರ್ ಇದೆ, ಅದು ಬೇರೆ ಥ್ರೆಡ್. ಇಂಪೋರ್ಟ್ ಸಾಲು ತಪ್ಪಿದರೆ ಕಂಪೈಲರ್ ಯಾವಾಗಲೂ ಹಿಡಿದುಕೊಡುತ್ತದೆ ಎಂದು ನಂಬಬೇಡಿ.

ಆ ‘ಒಂದು ಕಡೆ’ ಹೇಗಿರಬೇಕು ಎನ್ನುವುದರಲ್ಲಿ ಸೂಕ್ಷ್ಮವಿದೆ. ಸಾದಾ ವೇರಿಯಬಲ್ ಆದರೆ ಒಂದು ಥ್ರೆಡ್ ಬರೆದದ್ದು ಇನ್ನೊಂದಕ್ಕೆ ಕಂಡೇ ಕಾಣುತ್ತದೆ ಎಂಬ ಭರವಸೆಯನ್ನು ಜಾವಾ ಕೊಡುವುದಿಲ್ಲ, ‘ವೊಲಟೈಲ್’ ಎನ್ನಬೇಕು. ಹಾಗೆ ಅನ್ನದ ‘ಡಬಲ್’ ಮತ್ತು ‘ಲಾಂಗ್’ ಬೆಲೆಗಳನ್ನು ಎರಡು 32-ಬಿಟ್ ತುಂಡುಗಳಾಗಿ ಬರೆಯಲಿಕ್ಕೂ ಭಾಷೆಯ ನಿಯಮದಲ್ಲಿ ಅವಕಾಶವಿದೆ. ಕಾಟಾದ ಕೋಣೆಗಳಲ್ಲಿ ಇನ್ನೂ ದುಡಿಯುತ್ತಿರುವ 32-ಬಿಟ್ ಕಂಪ್ಯೂಟರುಗಳ ಮೇಲೆ ಇದು ಬರಿಯ ಪುಸ್ತಕದ ಮಾತಲ್ಲ. ಇನ್ನೂ ಮುಖ್ಯವಾದದ್ದು, ಇಂಡಿಕೇಟರ್ ತೂಕದ ಜೊತೆ ‘ಸ್ಥಿರ’ ಅಥವಾ ‘ಅಲುಗುತ್ತಿದೆ’ ಎಂಬ ಗುರುತನ್ನೂ ಕಳಿಸುತ್ತದೆ. ತೂಕಕ್ಕೊಂದು, ಗುರುತಿಗೊಂದು ಎಂದು ಎರಡು ವೊಲಟೈಲ್ ವೇರಿಯಬಲ್ ಇಟ್ಟರೆ ಈ ಸಾಲಿನ ತೂಕಕ್ಕೆ ಹಿಂದಿನ ಸಾಲಿನ ‘ಸ್ಥಿರ’ ಅಂಟಿಕೊಳ್ಳಬಹುದು. ಲಾರಿ ಇನ್ನೂ ಕಾಟಾದ ಮೇಲೆ ಹತ್ತುತ್ತಿರುವಾಗಲೇ ಚೀಟಿ ಮುದ್ರಣವಾಗುತ್ತದೆ, ರೈತನಿಗೋ ಖರೀದಿದಾರನಿಗೋ ನಷ್ಟ. ಎರಡನ್ನೂ ಸೇರಿಸಿ ಬದಲಾಗದ ಒಂದು ಆಬ್ಜೆಕ್ಟ್ ಮಾಡಿ (ಜಾವಾ 16ರಿಂದ ‘ರೆಕಾರ್ಡ್’ ಇದಕ್ಕೆ ಸೊಗಸು), ಆ ಆಬ್ಜೆಕ್ಟಿನ ರೆಫರೆನ್ಸನ್ನು ಮಾತ್ರ ವೊಲಟೈಲ್ ಇಡಬೇಕು.

ಚೀಟಿಯ ಕತೆ ಬೇರೆ. ತೂಕದ ಸಾಲು ಒಂದೆರಡು ತಪ್ಪಿದರೂ ನಡೆದೀತು, ಚೀಟಿ ಒಂದೂ ತಪ್ಪಬಾರದು. ಅದಕ್ಕೆ ‘ಬ್ಲಾಕಿಂಗ್ ಕ್ಯೂ’ ಬೇಕು: ಇಡಿಟಿ ಚೀಟಿಯನ್ನು ಕ್ಯೂಗೆ ಹಾಕುತ್ತದೆ, ಉಳಿಸುವ ಥ್ರೆಡ್ ಅಲ್ಲಿಂದ ಒಂದೊಂದಾಗಿ ತೆಗೆದು ಡೇಟಾಬೇಸಿಗೆ ಬರೆದು ಪ್ರಿಂಟರಿಗೆ ಕಳಿಸುತ್ತದೆ. ಕ್ಯೂಗೆ ಮಿತಿ ಇಟ್ಟಿದ್ದರೆ ಇಡಿಟಿ ಮೇಲೆ ‘ಪುಟ್’ ಕರೆಯಬೇಡಿ. ತುಂಬಿದ ಕ್ಯೂ ಮುಂದೆ ಅದು ಕಾಯುತ್ತ ನಿಲ್ಲುತ್ತದೆ. ‘ಆಫರ್’ ಕರೆದು, ಜಾಗವಿಲ್ಲದಿದ್ದರೆ ಪರದೆಯ ಮೇಲೆ ಹಾಗೆಂದು ತೋರಿಸಿ. ಚೀಟಿಯ ನಂಬರನ್ನು ಒಂದು ‘ಇಂಟ್’ ಇಟ್ಟು ಪ್ಲಸ್ ಪ್ಲಸ್ ಮಾಡುವ ಅಭ್ಯಾಸವನ್ನೂ ಬಿಡಿಸಬೇಕು. ಓದು, ಕೂಡು, ಬರೆ ಎಂದು ಅದು ಮೂರು ಹೆಜ್ಜೆ. ನಡುವೆ ಇನ್ನೊಂದು ಥ್ರೆಡ್ ನುಗ್ಗಿದರೆ ಎರಡು ಲಾರಿಗೆ ಒಂದೇ ನಂಬರ್ ಬೀಳುತ್ತದೆ. ಒಂದೇ ಪ್ರೋಗ್ರಾಂ ಆದರೆ ‘ಅಟಾಮಿಕ್ ಇಂಟಿಜರ್’ ಸಾಕು, ಎರಡು ಕಂಪ್ಯೂಟರಿನಲ್ಲಿ ಚೀಟಿ ಕೊಡುತ್ತಿದ್ದರೆ ನಂಬರ್ ಕೊಡುವುದು ಡೇಟಾಬೇಸಿನ ಕೆಲಸ.

ಇನ್ನು ವರದಿ. ಒಂದು ತಿಂಗಳ ತೂಕಗಳನ್ನೆಲ್ಲ ತೆಗೆದು ಟೇಬಲಿನಲ್ಲಿ ತೋರಿಸುವಂಥ, ಒಮ್ಮೆ ಓಡಿ ಮುಗಿಯುವ ಕೆಲಸಕ್ಕೆ ಸ್ವಿಂಗ್‌ವರ್ಕರ್ ಇದೆ. 2006ರಲ್ಲಿ ಜಾವಾ 6ರೊಂದಿಗೆ ಜೆಡಿಕೆಯಲ್ಲೇ ಸೇರಿದ್ದು, ಹೊರಗಿನಿಂದ ಏನನ್ನೂ ತರಬೇಕಿಲ್ಲ. ‘ಡೂಇನ್‌ಬ್ಯಾಕ್‌ಗ್ರೌಂಡ್’ ಬೇರೆ ಥ್ರೆಡ್ ಮೇಲೆ ಓಡುತ್ತದೆ. ‘ಪ್ರೊಸೆಸ್’ ಮತ್ತು ‘ಡನ್’ ಇಡಿಟಿ ಮೇಲೆ. ತಪ್ಪುಗಳೂ ಇಲ್ಲಿಯೇ ಹೆಚ್ಚು. ‘ಡೂಇನ್‌ಬ್ಯಾಕ್‌ಗ್ರೌಂಡ್’ ಒಳಗಿನಿಂದಲೇ ಟೆಕ್ಸ್ಟ್ ಬಾಕ್ಸಿನ ತಾರೀಖು ಓದುವವರು ಬಹಳ. ಅದನ್ನು ವರ್ಕರ್ ಶುರುವಾಗುವ ಮೊದಲೇ ಇಡಿಟಿ ಮೇಲೆ ಓದಿ, ಕನ್‌ಸ್ಟ್ರಕ್ಟರ್ ಮೂಲಕ ಕೊಡಬೇಕು. ಟೇಬಲ್ ತೋರಿಸುತ್ತಿರುವ ಅದೇ ಅರೇಲಿಸ್ಟಿಗೆ ವರ್ಕರ್ ಸಾಲು ಸೇರಿಸುವುದೂ ಅದೇ ಜಾತಿಯ ತಪ್ಪು. ಟೇಬಲಿನ ಮಾಡೆಲ್ ಕೂಡ ಇಡಿಟಿಯದ್ದೇ. ‘ಪಬ್ಲಿಷ್’ ಎಂದು ಕೊಟ್ಟ ಸಾಲುಗಳು ‘ಪ್ರೊಸೆಸ್’ಗೆ ಗುಂಪಾಗಿ, ಒಂದು ಲಿಸ್ಟ್ ಆಗಿ ಬರುತ್ತವೆ. ಆ ಲಿಸ್ಟಿನ ಮೊದಲ ಸಾಲನ್ನಷ್ಟೇ ಹಾಕಿ ಉಳಿದದ್ದನ್ನು ಬಿಟ್ಟ ಕೋಡ್ ಹತ್ತು ಸಾಲಿನ ಡೆಮೊದಲ್ಲಿ ಸರಿ ಕಾಣಬಹುದು, ಹತ್ತು ಸಾವಿರ ಸಾಲಿಗೆ ಅರ್ಧ ವರದಿ ನುಂಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಎಕ್ಸೆಪ್ಶನ್. ವರ್ಕರ್ ಒಳಗೆ ಡೇಟಾಬೇಸ್ ಸಂಪರ್ಕ ಕಡಿದರೆ ಆ ಎಕ್ಸೆಪ್ಶನ್ ಕನ್ಸೋಲಿನಲ್ಲೂ ಬೀಳದೆ ಒಳಗೇ ಉಳಿಯುತ್ತದೆ. ‘ಡನ್’ ಒಳಗೆ ‘ಗೆಟ್’ ಕರೆದರೆ ಮಾತ್ರ ‘ಎಕ್ಸಿಕ್ಯೂಷನ್ ಎಕ್ಸೆಪ್ಶನ್’ ರೂಪದಲ್ಲಿ ಹೊರಬರುತ್ತದೆ; ನಿಜವಾದ ಕಾರಣ ಅದರ ‘ಗೆಟ್‌ಕಾಸ್’ನಲ್ಲಿ. ‘ಡನ್’ ಖಾಲಿ ಬಿಟ್ಟ ಪ್ರೋಗ್ರಾಂನಲ್ಲಿ ಬಳಕೆದಾರನಿಗೆ ಕಾಣುವುದು ಖಾಲಿ ಟೇಬಲ್, ಅವನು ಆ ತಿಂಗಳು ವ್ಯಾಪಾರವೇ ಆಗಿಲ್ಲ ಎಂದುಕೊಳ್ಳಬೇಕು! ಇದೇ ‘ಗೆಟ್’ ಅನ್ನು ‘ಎಕ್ಸಿಕ್ಯೂಟ್’ ಆದ ಮರುಸಾಲಿನಲ್ಲಿ, ಗುಂಡಿಯ ಒಳಗೆ ಕರೆಯುವವರೂ ಇದ್ದಾರೆ. ಅದು ಉತ್ತರ ಬರುವ ತನಕ ಇಡಿಟಿಯನ್ನು ಹಿಡಿದಿಡುತ್ತದೆ, ವರ್ಕರ್ ಬರೆದೂ ಬರೆಯದಂತೆ. ಗುಂಡಿಯನ್ನು ಮೊದಲು ನಿಷ್ಕ್ರಿಯಗೊಳಿಸಿ, ಆಮೇಲೆ ವರ್ಕರ್ ಓಡಿಸಿ, ‘ಡನ್’ನ ‘ಫೈನಲಿ’ಯಲ್ಲಿ ಗುಂಡಿಯನ್ನು ಮತ್ತೆ ತೆರೆಯಿರಿ. ಒಮ್ಮೆ ಓಡಿದ ವರ್ಕರ್ ಮತ್ತೆ ಓಡುವುದಿಲ್ಲ, ಪ್ರತಿ ಸಲ ‘ನ್ಯೂ’ ಬೇಕು. ಕೊನೆಯಿಲ್ಲದ ಸೀರಿಯಲ್ ಓದುವ ಕೆಲಸವನ್ನು ಸ್ವಿಂಗ್‌ವರ್ಕರಿಗೆ ಕೊಡುವುದೂ ಸಲ್ಲ. ಎಲ್ಲ ವರ್ಕರುಗಳ ಹಿಂದಿರುವುದು ಹೆಚ್ಚೆಂದರೆ 10 ಥ್ರೆಡ್‌ಗಳ ಒಂದು ಗುಂಪು. ಒಂದನ್ನು ಕಾಯಮ್ಮಾಗಿ ಕಟ್ಟಿಹಾಕಿದರೆ ಉಳಿದವರಿಗೆ ಅಷ್ಟು ಕಡಿಮೆ.

‘ಇನ್ವೋಕ್‌ಅಂಡ್‌ವೇಟ್’ ಎಂಬ, ಕೆಲಸವನ್ನು ಇಡಿಟಿಗೆ ಕೊಟ್ಟು ಅದು ಮುಗಿಯುವವರೆಗೆ ಕಾಯುವ ಕರೆಯನ್ನು ನನ್ನ ಅಭಿಪ್ರಾಯದಲ್ಲಿ ಆರಂಭಿಕರಿಗೆ ತೋರಿಸದಿರುವುದೇ ಲೇಸು. ಇಡಿಟಿ ಮೇಲೆಯೇ ಕರೆದರೆ ಎರರ್ ಎಸೆಯುತ್ತದೆ, ಅದು ಪುಣ್ಯ. ಲಾಕ್ ಹಿಡಿದುಕೊಂಡು ಕರೆದಾಗ ಕೆಡುತ್ತದೆ. ಮುದ್ರಣದ ಥ್ರೆಡ್ ಚೀಟಿಯ ಲಾಕ್ ಹಿಡಿದು, ‘ಕಾಗದ ಮುಗಿದಿದೆ, ಮುಂದುವರಿಸಲೇ?’ ಎಂದು ಕೇಳಲು ‘ಇನ್ವೋಕ್‌ಅಂಡ್‌ವೇಟ್’ ಕರೆದಿದೆ ಎಂದುಕೊಳ್ಳಿ. ಅಷ್ಟರಲ್ಲಿ ಇಡಿಟಿ ಮೇಲೆ ಯಾವುದೋ ಗುಂಡಿ ಅದೇ ಲಾಕ್ ಕೇಳುತ್ತ ನಿಂತಿದೆ. ಅದು ಇದನ್ನು ಕಾಯುತ್ತದೆ, ಇದು ಅದನ್ನು. ಕೇಳುವುದಕ್ಕೆ ಮೊದಲು ಲಾಕ್ ಬಿಟ್ಟರೆ ಮುಗಿಯಿತು.

ನಿಂತ ಪ್ರೋಗ್ರಾಂ ಯಾಕೆ ನಿಂತಿದೆ ಎಂದು ನೋಡುವುದು ಕಷ್ಟವಲ್ಲ, ಆದರೆ ಲ್ಯಾಬಿನಲ್ಲಿ ಯಾರೂ ತೋರಿಸುವುದಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಒಂದು ಕೋರ್ ಪೂರ್ತಿ ದುಡಿಯುತ್ತಿದ್ದರೆ ಇಡಿಟಿ ಯಾವುದೋ ಲೂಪಿನಲ್ಲಿದೆ ಎಂದು ಮೊದಲು ಅನುಮಾನಿಸಿ. ಸಿಪಿಯು ಸೊನ್ನೆಯ ಹತ್ತಿರ ಇದ್ದರೆ ಅದು ಏನನ್ನೋ ಕಾಯುತ್ತಿದೆ. ಜೆಡಿಕೆಯೊಂದಿಗೇ ಬರುವ ‘ಜೆಸ್ಟ್ಯಾಕ್’ಗೆ ಪ್ರೋಸೆಸ್ ನಂಬರ್ ಕೊಟ್ಟರೆ ಎಲ್ಲ ಥ್ರೆಡ್‌ಗಳೂ ಯಾವ ಸಾಲಿನಲ್ಲಿ ನಿಂತಿವೆ ಎಂದು ಬರೆದುಕೊಡುತ್ತದೆ. ಅದರಲ್ಲಿ ಇಡಿಟಿಯ ಹೆಸರು ಹುಡುಕಿ ಕೆಳಗಿನ ಸಾಲುಗಳನ್ನು ಓದಿದರೆ ನಮ್ಮದೇ ಕ್ಲಾಸಿನ ಹೆಸರು ಸಿಗುತ್ತದೆ. ಲಾಕ್‌ಗಳ ಸರಳ ಡೆಡ್‌ಲಾಕನ್ನು ಅದು ತಾನೇ ಗುರುತಿಸುತ್ತದೆ. ಮೇಲೆ ಹೇಳಿದ ‘ಇನ್ವೋಕ್‌ಅಂಡ್‌ವೇಟ್’ ಪ್ರಕರಣವನ್ನು ಗುರುತಿಸುವುದಿಲ್ಲ, ಯಾಕೆಂದರೆ ಅಲ್ಲಿ ಒಂದು ಥ್ರೆಡ್ ‘ವೇಟ್’ನಲ್ಲಿರುತ್ತದೆ, ಲಾಕಿನ ಬಾಗಿಲಲ್ಲಿ ಅಲ್ಲ. ಅಂಥದ್ದನ್ನು ಕಣ್ಣಿಂದಲೇ ಓದಿ ಹಿಡಿಯಬೇಕು. ಬೇರೆ ಥ್ರೆಡ್ ಪರದೆ ಮುಟ್ಟುವುದನ್ನು ಹಿಡಿಯಲು ‘ರಿಪೇಂಟ್ ಮ್ಯಾನೇಜರ್’ ಕ್ಲಾಸನ್ನು ವಿಸ್ತರಿಸಿ, ಇಡಿಟಿ ಅಲ್ಲದಿದ್ದರೆ ಸ್ಟ್ಯಾಕ್ (ಯಾವ ಸಾಲಿನಿಂದ ಕರೆ ಬಂತೆಂಬ ಪಟ್ಟಿ) ಮುದ್ರಿಸುವಂತೆ ಬರೆದಿಟ್ಟುಕೊಳ್ಳಬಹುದು. ‘ರಿಪೇಂಟ್’ ಒಂದನ್ನು ಯಾವ ಥ್ರೆಡ್ಡಿಂದಲಾದರೂ ಕರೆಯಬಹುದಾದ್ದರಿಂದ ಅದರ ಸುಳ್ಳು ದೂರುಗಳನ್ನು ಮಾತ್ರ ಬದಿಗಿಡಿ. ಬರೆದರೆ ಮೂವತ್ತು-ನಲವತ್ತು ಸಾಲು. ಇಡೀ ಲ್ಯಾಬಿಗೆ ಒಬ್ಬ ಮೇಷ್ಟ್ರು ಬರೆದುಕೊಟ್ಟರೆ ಸಾಕು.

ವಿಂಡೋ ಮುಚ್ಚುವುದನ್ನೂ ಮರೆಯುವಂತಿಲ್ಲ. ‘ಎಕ್ಸಿಟ್ ಆನ್ ಕ್ಲೋಸ್’ ಎಂದು ಎಲ್ಲರೂ ಕಣ್ಣು ಮುಚ್ಚಿ ಬರೆಯುತ್ತಾರೆ. ಕ್ಯೂನಲ್ಲಿ ನಾಲ್ಕು ಚೀಟಿ ಬಾಕಿ ಇರುವಾಗ ಕೆಂಪು ಗುರುತು ಒತ್ತಿದರೆ ನಾಲ್ಕೂ ಹೋದವು. ಮುಚ್ಚುವ ಕ್ರಿಯೆಯನ್ನು ‘ಡೂ ನಥಿಂಗ್’ಗೆ ಇಟ್ಟು, ವಿಂಡೋ ಲಿಸನರಿನಿಂದ ಕ್ಯೂಗೆ ‘ಇನ್ನಿಲ್ಲ’ ಎಂಬ ಗುರುತಿನ ಚೀಟಿ ಹಾಕಿ, ಉಳಿಸುವ ಥ್ರೆಡ್ ಅಲ್ಲಿಗೆ ಬಂದು ಮುಗಿದ ಮೇಲೆ ‘ಇನ್ವೋಕ್‌ಲೇಟರ್’ ಮೂಲಕ ವಿಂಡೋ ಮುಚ್ಚಬೇಕು. ಸೀರಿಯಲ್ ಓದುವ ಥ್ರೆಡ್ ‘ಇಂಟರಪ್ಟ್’ಗೆ ಓಗೊಡುತ್ತದೆ ಎಂದು ನಂಬುವಂತಿಲ್ಲ. ಓದಲು 200 ಮಿಲಿಸೆಕೆಂಡ್ ಗಡುವು ಇಟ್ಟು, ಪ್ರತಿ ಸುತ್ತಿಗೂ ‘ನಿಲ್ಲಿಸು’ ಎಂಬ ವೊಲಟೈಲ್ ಗುರುತು ನೋಡುವಂತೆ ಮಾಡಿ. ಹಳೆಯ ನೋಟ್ಸುಗಳಲ್ಲಿ ಇನ್ನೂ ಕಾಣುವ ‘ಥ್ರೆಡ್.ಸ್ಟಾಪ್’ ಜೆಡಿಕೆ 20ರಿಂದ ಎಕ್ಸೆಪ್ಶನ್ ಎಸೆಯುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ.

ಪ್ರೋಗ್ರಾಂ ಕೊಳ್ಳುವ ಅಂಗಡಿಯವರು ಕೋಡ್ ಓದಬೇಕಿಲ್ಲ. ಹಣ ಕೊಡುವ ಮೊದಲು ‘ಉಳಿಸು’ ಗುಂಡಿಯನ್ನು ಪಟಪಟನೆ ಎರಡು ಸಲ ಒತ್ತಿ, ಚೀಟಿ ಎರಡಾಯಿತೇ ನೋಡಿ. ದೊಡ್ಡ ವರದಿ ಬರುತ್ತಿರುವಾಗ ವಿಂಡೋವನ್ನು ಎಳೆದಾಡಿ. ಕಾಟಾದ ಕೇಬಲನ್ನು ಕೈಯಾರೆ ಕಿತ್ತು ಮತ್ತೆ ಸಿಕ್ಕಿಸಿ. ಹುಡುಗ ಆ ಹೊತ್ತಿಗೆ ‘ರೀಸ್ಟಾರ್ಟ್ ಮಾಡ್ರಿ’ ಎಂದರೆ ಕೆಲಸ ಬಾಕಿ ಇದೆ.

ಕಾಲೇಜುಗಳಿಗೆ ನನ್ನ ಕೋರಿಕೆ ಒಂದು ಪ್ರಯೋಗದ್ದು. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ, ಯಂತ್ರ ಕೊಳ್ಳಬೇಕಿಲ್ಲ. ಇಂಡಿಕೇಟರಿನ ಬದಲು 50 ಮಿಲಿಸೆಕೆಂಡಿಗೊಂದು ತೂಕ ಹುಟ್ಟಿಸುವ ಥ್ರೆಡ್, ಡೇಟಾಬೇಸಿನ ಬದಲು 3 ಸೆಕೆಂಡ್ ಮಲಗಿ ಐದಕ್ಕೊಮ್ಮೆ ಬೇಕೆಂದೇ ಎಕ್ಸೆಪ್ಶನ್ ಎಸೆಯುವ ಮೆಥಡ್. ಉಳಿಸುತ್ತಿರುವಾಗಲೂ ತೂಕ ಓಡುತ್ತಿರಬೇಕು, ಐದನೆಯ ಚೀಟಿಯ ದೋಷ ಪರದೆಯ ಮೇಲೆ ಕಾಣಬೇಕು, ನಡುವೆ ವಿಂಡೋ ಮುಚ್ಚಿದರೆ ಬಾಕಿ ಚೀಟಿಗಳು ಉಳಿಯಬೇಕು. ಇದನ್ನು ಓಡಿಸಿ ನೋಡಿ ಅಂಕ ಕೊಡಿ, ರೆಕಾರ್ಡ್ ಪುಸ್ತಕ ನೋಡಿ ಅಲ್ಲ. 2023ರ ಜೆಡಿಕೆ 21ರ ವರ್ಚುವಲ್ ಥ್ರೆಡ್‌ಗಳನ್ನು ಬಳಸಿದ ಹುಡುಗನಿಗೂ ಇದೇ ಪರೀಕ್ಷೆ. ಅವು ಅಗ್ಗವಾದವು ಅಷ್ಟೆ, ಲೇಬಲ್ ಮುಟ್ಟುವ ಹಕ್ಕು ಅವಕ್ಕೂ ಇಲ್ಲ.

ವೈವಾಕ್ಕೆ ಕೇಳಬೇಕಾದ ಪ್ರಶ್ನೆ: ‘ಇನ್ವೋಕ್‌ಲೇಟರ್’ಗೆ ಕೊಟ್ಟ ರನ್ನೇಬಲ್ (ಓಡಿಸಬೇಕಾದ ಕೋಡಿನ ತುಂಡು) ಯಾವ ಥ್ರೆಡ್ ಮೇಲೆ ಓಡುತ್ತದೆ? ರನ್ನೇಬಲ್ ಎಂದೊಡನೆ ‘ಹೊಸ ಥ್ರೆಡ್’ ಎನ್ನುವವರು ಹೆಚ್ಚು, ತಡವಾಗುವ ಕೆಲಸವನ್ನು ಅದರೊಳಗೆ ತುರುಕುವುದೂ ಅದೇ ನಂಬಿಕೆಯಿಂದ. ಆ ಉತ್ತರ ಬಂದರೆ ಬೈಯದೆ, ರನ್ನೇಬಲ್ ಒಳಗೆ ಸದ್ಯದ ಥ್ರೆಡ್‌ನ ಹೆಸರು ಮುದ್ರಿಸುವ ಒಂದು ಸಾಲು ಬರೆದು ಅಲ್ಲೇ ಓಡಿಸಲು ಹೇಳಿ. ಕನ್ಸೋಲಿನಲ್ಲಿ ‘ಎಡಬ್ಲ್ಯುಟಿ-ಈವೆಂಟ್‌ಕ್ಯೂ-0’ ಎಂದು ಬರುತ್ತದೆ.

ಇತಿ,
ಜಾವಾ ಕೆಲಸದ ಓದುಗ
ವಿದ್ಯಾನಗರ, ಹುಬ್ಬಳ್ಳಿ